ಹಡಗಿನ ಅಡಿಯ ನೀರು

ಯಳಂದೂರು ತಾಲ್ಲೂಕಿನ ಮಾಂಬಳ್ಳಿ ಕಡಲಿಗೆ ಬಹು ದೂರದ ಊರು. ಆ ಸೀಮೆಯ ಸುವರ್ಣಾವತಿ ನದಿ ಕೊಳ್ಳೇಗಾಲದ ಕಡೆಗೆ ಸಾಗಿ ಕಾವೇರಿಯನ್ನು ಸೇರುತ್ತದೆ. ಕಾವೇರಿಯಾದರೋ ಶಿವನಸಮುದ್ರದಲ್ಲಿಯೂ ಹೊಗೇನಕಲ್ಲಿನಲ್ಲಿಯೂ ಧುಮುಕಿ, ತಮಿಳುನಾಡನ್ನು ದಾಟಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಈ ದಾರಿಯಲ್ಲಿ ದೋಣಿಯೇರಿ ಕಡಲು ಮುಟ್ಟುವ ಮಾತೇ ಇಲ್ಲ. ಪಶ್ಚಿಮದ ಕಡಲನ್ನು ಕಾಣಬೇಕೆಂದರೆ ಮೈಸೂರನ್ನು ದಾಟಿ, ಘಟ್ಟವನ್ನು ಇಳಿದು, ಸುಮಾರು ಮುನ್ನೂರು ಕಿಲೋಮೀಟರ್ ಹೋಗಬೇಕು. ಆದುದರಿಂದ ಆ ಊರಿನ ವಿದ್ಯಾರ್ಥಿಯೊಬ್ಬನು “ಬಂದರಿಗೂ ನಮಗೂ ಏನು ಸಂಬಂಧ?” ಎಂದು ಕೇಳಿದರೆ ಅದು ಸಹಜವಾದ ಪ್ರಶ್ನೆಯೇ.

ಉತ್ತರ ಅವನ ಮನೆಯಲ್ಲಿಯೇ ಇದೆ. ನಮ್ಮ ದೇಶದಲ್ಲಿ ಉರಿಯುವ ಅಡಿಗೆ ಅನಿಲದ ಅರ್ಧಕ್ಕೂ ಹೆಚ್ಚಿನ ಪಾಲು ಹೊರದೇಶಗಳಿಂದ ಹಡಗಿನಲ್ಲಿ ಬರುತ್ತದೆ. ಟ್ರಾಕ್ಟರಿಗೆ ಹಾಕುವ ಡೀಸೆಲಿನ ಮೂಲವಾದ ಕಚ್ಚಾ ಎಣ್ಣೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಹಾಗೆಯೇ ಬರುತ್ತದೆ. ಬಾಳೆಗೂ ಕಬ್ಬಿಗೂ ಹಾಕುವ ಪೊಟ್ಯಾಷ್ ಗೊಬ್ಬರಕ್ಕೆ ನಾವು ಕೆನಡಾ, ರಷ್ಯಾ, ಜೋರ್ಡಾನ್ ಮೊದಲಾದ ದೇಶಗಳ ಗಣಿಗಳನ್ನು ನಂಬಿದ್ದೇವೆ. ತೂಕದಿಂದ ಅಳೆದರೆ ಭಾರತದ ವಿದೇಶ ವ್ಯಾಪಾರದಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಕಡಲಿನ ಮೇಲೆಯೇ ನಡೆಯುತ್ತದೆ. ಅಡಿಗೆಮನೆಯ ಸಿಲಿಂಡರೂ ಗದ್ದೆಯ ಬದುವಿನ ಮೇಲಿನ ಗೊಬ್ಬರದ ಮೂಟೆಯೂ ಯಾವುದೋ ಒಂದು ಬಂದರಿನ ಬಾಗಿಲನ್ನು ದಾಟಿ ಬಂದವು. ಅಂಥ ಬಾಗಿಲುಗಳಲ್ಲಿ ನಮ್ಮ ರಾಜ್ಯಕ್ಕೆ ದೊಡ್ಡದು ಪಣಂಬೂರಿನಲ್ಲಿರುವ ನವಮಂಗಳೂರು ಬಂದರು. ಈಚಿನ ವರ್ಷಗಳಲ್ಲಿ ಅಲ್ಲಿ ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗೂ ಮೀರಿದ ಸರಕು ಏರಿ ಇಳಿಯುತ್ತದೆ.

ಬಂದರೆಂದರೆ ಹಡಗು ಬಂದು ನಿಲ್ಲುವ ಜಾಗ ಎಂದಷ್ಟೇ ನಾವು ತಿಳಿದುಕೊಂಡಿರುತ್ತೇವೆ. ಆದರೆ ಬಂದರಿನ ಆಡಳಿತವೆಂಬುದು ಮುಖ್ಯವಾಗಿ ಎರಡು ವಸ್ತುಗಳ ಲೆಕ್ಕ: ಒಂದು ನೀರಿನ ಆಳ, ಇನ್ನೊಂದು ಹೊತ್ತು. ಈ ಎರಡನ್ನೂ ಪೂರ್ತಿಯಾಗಿ ಬಳಸಿಬಿಡದೆ ಸ್ವಲ್ಪವನ್ನು ಮಿಗಿಸಿ ಇಟ್ಟುಕೊಳ್ಳುವುದೇ ಬಂದರು ನಡೆಸುವವರ ಜಾಣತನ. ಅದು ಹೇಗೆಂಬುದನ್ನು ಈಗ ನೋಡೋಣ.

ಅಳಿವೆಯ ಬಂದರು

ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯಲ್ಲಿದೆ. ಕಾಫಿ, ಗೋಡಂಬಿ, ಮೆಣಸು, ಮಂಗಳೂರು ಹೆಂಚು ಇವೆಲ್ಲ ಬಹುಕಾಲ ಇಲ್ಲಿಂದಲೇ ಹೊರಟವು. ಆದರೆ ನದಿಯ ಬಾಯಿ ಬಂದರಿಗೆ ಉಪಕಾರಿಯಾಗಿರುವಷ್ಟೇ ಅಪಕಾರಿಯೂ ಹೌದು. ಘಟ್ಟದಿಂದ ರಭಸವಾಗಿ ಇಳಿದು ಬರುವ ನೀರು ಮಣ್ಣನ್ನೂ ಮರಳನ್ನೂ ಹೊತ್ತು ತರುತ್ತದೆ. ಕಡಲನ್ನು ಸೇರುವಾಗ ಅದರ ವೇಗ ಕುಗ್ಗುತ್ತದೆ. ವೇಗ ಕುಗ್ಗಿದ ನೀರು ತನ್ನ ಹೊರೆಯನ್ನು ಹೊರಲಾರದೆ ಕೆಳಗಿಳಿಸುತ್ತದೆ. ಹೀಗೆ ಅಳಿವೆಗೆ ಅಡ್ಡಲಾಗಿ ಮರಳ ದಿಬ್ಬವೊಂದು ಬೆಳೆಯುತ್ತದೆ. ಮಂಜಿಗಳೂ ಸಣ್ಣ ದೋಣಿಗಳೂ ಅದನ್ನು ದಾಟಿ ಧಕ್ಕೆಗೆ ಬರಬಲ್ಲವು. ದೊಡ್ಡ ಹಡಗುಗಳು ಬರಲಾರವು.

ಆದಕಾರಣ ದೊಡ್ಡ ಹಡಗುಗಳು ತೀರದಿಂದ ಆಚೆ ತೆರೆದ ಕಡಲಿನಲ್ಲಿ ಲಂಗರು ಹಾಕಿ ನಿಲ್ಲಬೇಕಾಗುತ್ತಿತ್ತು. ಸರಕನ್ನು ದೋಣಿಗಳಲ್ಲಿ ತುಂಬಿ ಅಲ್ಲಿಗೆ ಒಯ್ದು ಏರಿಸುತ್ತಿದ್ದರು. ಮಳೆಗಾಲ ಬಂದಿತೆಂದರೆ ಅದೂ ಇಲ್ಲ. ನೈರುತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಕಡಲು ಕೆರಳಿ, ದೋಣಿಗಳು ಅಳಿವೆಯನ್ನು ದಾಟಲಾರದೆ, ಬಂದರಿನ ಕೆಲಸವೇ ನಿಂತುಹೋಗುತ್ತಿತ್ತು. ವರ್ಷದಲ್ಲಿ ಮೂರನೆಯ ಒಂದು ಪಾಲು ಬಾಗಿಲು ಮುಚ್ಚಿರುವ ಬಂದರನ್ನು ನಂಬಿ ದೊಡ್ಡ ಕೈಗಾರಿಕೆ ಬೆಳೆಯುವುದಾದರೂ ಹೇಗೆ? ಹಳೆಯ ಬಂದರು ಈಗಲೂ ಇದೆ. ಮೀನುಗಾರಿಕೆಗೂ ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವುದಕ್ಕೂ ಉಪಯೋಗವಾಗುತ್ತಿದೆ. ಆದರೆ ಎಲ್ಲ ಕಾಲದಲ್ಲಿಯೂ ದೊಡ್ಡ ಹಡಗನ್ನು ಬರಮಾಡಿಕೊಳ್ಳುವ ಬಂದರನ್ನು ಬೇರೆಡೆಯಲ್ಲಿ ಹುಡುಕಬೇಕಾಯಿತು.

ನೆಲವನ್ನು ಅಗೆದು ಮಾಡಿದ ಬಂದರು

ಮುಂಬಯಿಗೂ ಕಾರವಾರಕ್ಕೂ ಪ್ರಕೃತಿಯೇ ಆಶ್ರಯ ಕೊಟ್ಟಿದೆ. ದ್ವೀಪಗಳೂ ಭೂಶಿರಗಳೂ ಅಲೆಗಳನ್ನು ತಡೆಯುತ್ತವೆ. ಮಂಗಳೂರಿನ ಉತ್ತರಕ್ಕೆ ಇರುವ ತೀರ ಹಾಗಲ್ಲ. ಅದು ಗೆರೆ ಎಳೆದಂತೆ ನೇರವಾಗಿದೆ. ಆದುದರಿಂದ ಹಳೆಯ ಬಂದರಿನಿಂದ ಸುಮಾರು ಹತ್ತು ಕಿಲೋಮೀಟರ್ ಉತ್ತರದಲ್ಲಿ, ಪಣಂಬೂರಿನಲ್ಲಿ, ಎಂಜಿನಿಯರುಗಳು ಬೇರೊಂದು ಉಪಾಯವನ್ನು ಹಿಡಿದರು. ತೀರದ ಮರಳು ನೆಲವನ್ನೇ ಅಗೆದು, ಒಳಗೊಂದು ದೊಡ್ಡ ಕೊಳವನ್ನು ಮಾಡಿ, ಅದನ್ನು ಕಾಲುವೆಯ ಮೂಲಕ ಕಡಲಿಗೆ ಕೂಡಿಸಿದರು. ಕೆಲಸ 1962ರಲ್ಲಿ ಮೊದಲಾಯಿತು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಇದನ್ನು ಉದ್ಘಾಟಿಸಿದರು. ಬಂದರಿಗಾಗಿ ದೆಹಲಿಯಲ್ಲಿ ಪಟ್ಟುಹಿಡಿದು ದುಡಿದ ಸಂಸತ್ ಸದಸ್ಯ ಯು. ಶ್ರೀನಿವಾಸ ಮಲ್ಯರು 1965ರಲ್ಲಿಯೇ ತೀರಿಕೊಂಡಿದ್ದರು; ಮುಗಿದ ಬಂದರನ್ನು ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ.

ಇನ್ನೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಅಗೆದ ನೆಲ ಬರಿಯ ಮರಳಾಗಿರಲಿಲ್ಲ. ಅಲ್ಲಿ ಮನೆಗಳಿದ್ದವು, ಗದ್ದೆಗಳಿದ್ದವು, ತಲೆಮಾರುಗಳಿಂದ ಬಾಳಿದ ಕುಟುಂಬಗಳಿದ್ದವು. ಪಣಂಬೂರಿನ ಸುತ್ತಲಿನ ಆ ಜನರು ಕಾಟಿಪಳ್ಳ, ಕೃಷ್ಣಾಪುರ ಮೊದಲಾದ ಕಡೆಗಳಿಗೆ ಎದ್ದು ಹೋಗಬೇಕಾಯಿತು. ಬಂದರಿನ ಬೆಲೆಯನ್ನು ಸಿಮೆಂಟು, ಕಲ್ಲುಗಳ ಲೆಕ್ಕದಲ್ಲಿ ಮಾತ್ರ ಬರೆದರೆ ಆ ಲೆಕ್ಕ ಪೂರ್ತಿಯಾಗದು.

ಹರಿಗೋಲಿನಿಂದ ಹಡಗಿಗೆ

ಹಡಗಿಗೆ ಎಷ್ಟು ಆಳದ ನೀರು ಬೇಕು? ಇದನ್ನು ತಿಳಿಯಲು ಕಾವೇರಿಯ ಹರಿಗೋಲಿನಿಂದಲೇ ಹೊರಡೋಣ. ಎರಡೂವರೆ ಮೀಟರ್ ಅಗಲದ ದುಂಡನೆಯ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು ಐದು ಚದರ ಮೀಟರ್. ಅದಕ್ಕೆ 60 ಕಿಲೋಗ್ರಾಂ ತೂಕದ ಮನುಷ್ಯನೊಬ್ಬ ಹತ್ತಿದನೆನ್ನಿ. ಆರ್ಕಿಮಿಡೀಸನ ತತ್ತ್ವದಂತೆ ಹರಿಗೋಲು ಇನ್ನೂ 60 ಕಿಲೋಗ್ರಾಂ ನೀರನ್ನು ಪಕ್ಕಕ್ಕೆ ಸರಿಸಬೇಕು. ಅಷ್ಟು ನೀರನ್ನು ಐದು ಚದರ ಮೀಟರಿನ ಮೇಲೆ ಹರಡಿದರೆ ಅದರ ದಪ್ಪ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಾಗುತ್ತದೆ. ಎಂದರೆ ಒಬ್ಬೊಬ್ಬ ಹತ್ತಿದಂತೆಲ್ಲ ಹರಿಗೋಲು ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಾಗಿ ಕೆಳಗಿಳಿಯುತ್ತದೆ.

ಹಡಗಿನ ಲೆಕ್ಕವೂ ಇದೇ. ಅಂಕಿಗಳು ಮಾತ್ರ ದೊಡ್ಡವು. 200 ಮೀಟರ್ ಉದ್ದ, 30 ಮೀಟರ್ ಅಗಲದ ಸರಕಿನ ಹಡಗೊಂದನ್ನು ತೆಗೆದುಕೊಳ್ಳೋಣ. ಮೂತಿ ಚೂಪಾಗಿರುವುದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣ ಸುಮಾರು 5,000 ಚದರ ಮೀಟರ್ ಎನ್ನಬಹುದು. ಅದು ಹತ್ತು ಸೆಂಟಿಮೀಟರ್ ಕೆಳಗಿಳಿಯಬೇಕಾದರೆ 500 ಘನ ಮೀಟರ್ ನೀರನ್ನು ಸರಿಸಬೇಕು. ಸಮುದ್ರದ ನೀರು ಉಪ್ಪಾದುದರಿಂದ ಒಂದು ಘನ ಮೀಟರಿಗೆ ಸುಮಾರು 1,025 ಕಿಲೋಗ್ರಾಂ ತೂಗುತ್ತದೆ. ಆದ್ದರಿಂದ ಹತ್ತು ಸೆಂಟಿಮೀಟರ್ ಎಂದರೆ ಐನೂರು ಟನ್ನಿಗೂ ಮೀರಿದ ಸರಕು. ಐವತ್ತು ಕಿಲೋಗ್ರಾಮಿನ ಗೊಬ್ಬರದ ಮೂಟೆಗಳಲ್ಲಿ ಎಣಿಸಿದರೆ ಹತ್ತು ಸಾವಿರ ಮೂಟೆ! ಬಂದರಿನ ತಳದಲ್ಲಿ ಒಂದು ಗೇಣಿಗೂ ಕಡಿಮೆ ಹೂಳು ತುಂಬಿದರೆ ಅಂಥ ಪ್ರತಿಯೊಂದು ಹಡಗೂ ಹತ್ತು ಸಾವಿರ ಮೂಟೆಯನ್ನು ಬಿಟ್ಟು ಬರಬೇಕಾಗುತ್ತದೆ. ಬಂದರಿನವರು ಸೆಂಟಿಮೀಟರುಗಳಿಗಾಗಿ ಏಕೆ ಇಷ್ಟು ಜಗ್ಗಾಡುತ್ತಾರೆಂಬುದು ಈಗ ತಿಳಿಯಿತಲ್ಲವೆ?

ಹಾಗಾದರೆ ಹಡಗಿನಲ್ಲಿ ಎಷ್ಟು ಬೇಕಾದರೂ ತುಂಬಬಹುದೆ? ಹಿಂದೆ ದುರಾಸೆಯ ಮಾಲಿಕರು ಹಾಗೆ ತುಂಬಿ ಹಡಗುಗಳನ್ನೂ ನಾವಿಕರನ್ನೂ ಕಳೆದುಕೊಂಡದ್ದುಂಟು. ಬ್ರಿಟನ್ನಿನ ಸಂಸತ್ ಸದಸ್ಯ ಸ್ಯಾಮ್ಯುಅಲ್ ಪ್ಲಿಮ್ಸಾಲ್ ಇದರ ವಿರುದ್ಧ ಹೋರಾಡಿದನು. ಅದರ ಫಲವಾಗಿ 1876ರ ಕಾನೂನಿನಿಂದ ಹಡಗಿನ ಪಕ್ಕದಲ್ಲಿ ಭಾರದ ಮಿತಿಯನ್ನು ತೋರಿಸುವ ಗುರುತು ಕಡ್ಡಾಯವಾಯಿತು. ಇಂದಿಗೂ ಹಡಗುಗಳ ಪಕ್ಕದಲ್ಲಿ ಒಂದು ವೃತ್ತವನ್ನೂ ಅದರ ಬಳಿ ಏಣಿಯಂತಹ ಗೆರೆಗಳನ್ನೂ ಕಾಣಬಹುದು. ಗೆರೆಗಳು ಹಲವು ಏಕೆ? ಸಿಹಿನೀರು ಸಮುದ್ರದ ನೀರಿಗಿಂತ ಹಗುರ; ಅದರಲ್ಲಿ ಅದೇ ಹಡಗು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಮುಳುಗುತ್ತದೆ. ಆದುದರಿಂದ ಸಿಹಿನೀರಿಗೆ ಒಂದು ಗೆರೆ. ಶಾಂತವಾದ ಉಷ್ಣವಲಯದ ಕಡಲಿಗೆ ಒಂದು, ಬೇಸಗೆಗೆ ಒಂದು, ಬಿರುಗಾಳಿಯ ಚಳಿಗಾಲಕ್ಕೆ ಇನ್ನೊಂದು. ಅರಬ್ಬೀ ಸಮುದ್ರದಲ್ಲಿ ಮಳೆಗಾಲದ ತಿಂಗಳುಗಳಿಗೆ ಉಷ್ಣವಲಯದ ಗೆರೆ ಸಲ್ಲುವುದಿಲ್ಲ; ಹಡಗು ಅದಕ್ಕಿಂತ ಕೆಳಗಿರುವ ‘ಬೇಸಗೆ’ಯ ಗೆರೆ ನೀರಿನಲ್ಲಿ ಮುಳುಗದಷ್ಟು ಮಾತ್ರ ಸರಕನ್ನು ಹೊರಬೇಕು. ಕಡಲು ಕೆರಳಿದಷ್ಟೂ ಮಿಗಿಸಿಡಬೇಕಾದ ಅಂಚು ದೊಡ್ಡದು ಎಂಬುದೇ ಈ ಗೆರೆಗಳ ತಾತ್ಪರ್ಯ.

ಆಳದ ಲೆಕ್ಕ

ಹಡಗಿನ ತಳ ನೀರಿನ ಮಟ್ಟದಿಂದ ಎಷ್ಟು ಕೆಳಗಿದೆಯೋ ಅದನ್ನು ಅದರ ‘ಮುಳುಗಳತೆ’ ಎನ್ನೋಣ. ನವಮಂಗಳೂರಿನಲ್ಲಿ ಕಡಲಿನಿಂದ ಒಳಬರುವ ಕಾಲುವೆಯ ಉದ್ದ ಏಳೂವರೆ ಕಿಲೋಮೀಟರ್. ಅದರ ಹೊರಭಾಗದ ಆಳ 15.4 ಮೀಟರ್, ಒಳಗಿನ ಕೊಳದ ಆಳ 15.1 ಮೀಟರ್. ಹಾಗಿದ್ದರೆ 15 ಮೀಟರ್ ಮುಳುಗಳತೆಯ ಹಡಗು ಒಳಗೆ ಬರಬಹುದಲ್ಲವೆ? ಬರಲಾಗದು.

ಮೊದಲನೆಯ ಕಾರಣ ಕುತೂಹಲಕರವಾದುದು. ಹಡಗು ಕಾಲುವೆಯಲ್ಲಿ ಮುಂದುವರಿಯುವಾಗ ಮುಂದಿನ ನೀರು ಅದರ ತಳಕ್ಕೂ ಕಾಲುವೆಯ ತಳಕ್ಕೂ ನಡುವಣ ಕಿರಿದಾದ ಸಂದಿಯಲ್ಲಿ ಹಿಂದಕ್ಕೆ ನುಗ್ಗಬೇಕು. ಸಂದಿ ಕಿರಿದಾದಷ್ಟೂ ನೀರಿನ ವೇಗ ಹೆಚ್ಚು. ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ. ಇದು ನಾವು ತರಗತಿಯಲ್ಲಿ ಕಲಿತ ಬರ್ನೂಲಿಯ ತತ್ತ್ವ. ಅಡಿಯ ಒತ್ತಡ ತಗ್ಗಿದುದರಿಂದ ಹಡಗು ಕೆಳಕ್ಕೆ ಕುಸಿಯುತ್ತದೆ. ಗಂಟೆಗೆ 15 ಕಿಲೋಮೀಟರಿನಂತೆ ಚಲಿಸುವ ದೊಡ್ಡ ಹಡಗು ಇಂಥ ಕಡೆ ಅರ್ಧ ಮೀಟರ್ ಇಲ್ಲವೆ ಅದಕ್ಕೂ ಹೆಚ್ಚು ಕುಸಿಯಬಹುದು. ಕುಸಿತ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಅರ್ಧ ಮಾಡಿದರೆ ಕುಸಿತ ಕಾಲು ಭಾಗಕ್ಕೆ ಇಳಿಯುತ್ತದೆ. ಕಾಲುವೆಯಲ್ಲಿ ಹಡಗುಗಳು ಮೆಲ್ಲಗೆ ಸಾಗುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಓಲಾಟ. 32 ಮೀಟರ್ ಅಗಲದ ಹಡಗು ಒಂದು ಪಕ್ಕಕ್ಕೆ ಎರಡೇ ಡಿಗ್ರಿ ವಾಲಿದರೆ ಆ ಪಕ್ಕದ ಅಂಚು ಅರ್ಧ ಮೀಟರಿಗಿಂತ ಹೆಚ್ಚು ಕೆಳಗಿಳಿಯುತ್ತದೆ. ಇದರ ಮೇಲೆ ಅಲೆಯ ಏರಿಳಿತ, ತಳದಲ್ಲಿ ಹೊಸದಾಗಿ ಕೂಡಿರಬಹುದಾದ ಹೂಳು ಇವನ್ನೂ ಸೇರಿಸಬೇಕು. ಎಲ್ಲವನ್ನೂ ಕಳೆದು ಉಳಿದ ಆಳಕ್ಕೆ ತಕ್ಕ ಹಡಗು ಮಾತ್ರ ಒಳಗೆ ಬರಬಹುದು. ಈ ಬಂದರಿಗೆ ಬರುವ ಬಹು ದೊಡ್ಡ ಹಡಗುಗಳ ಮುಳುಗಳತೆ ಕಾಲುವೆಯ ಆಳಕ್ಕಿಂತ ಒಂದು ಮೀಟರಿಗೂ ಹೆಚ್ಚು ಕಡಿಮೆಯಿರುವುದು ಇದರಿಂದಲೇ. ಹೊರಗಿನಿಂದ ನೋಡುವವನಿಗೆ ಅಡಿಯ ಆ ನೀರು ವ್ಯರ್ಥವಾಗಿ ನಿಂತಂತೆ ಕಾಣುತ್ತದೆ. ನಿಜವಾಗಿ ಹಡಗನ್ನು ಕಾಯುವುದು ಆ ನೀರೇ.

ಉಬ್ಬರ ಇಲ್ಲಿ ನೆರವಿಗೆ ಬರುತ್ತದೆ. ಚಂದ್ರ ಸೂರ್ಯರ ಆಕರ್ಷಣೆಯಿಂದ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಕಡಲು ಉಕ್ಕುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಹೆಚ್ಚು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರವಿಳಿತಗಳ ಅಂತರ ಹತ್ತು ಮೀಟರಿನಷ್ಟಿರಬಹುದು. ಮಂಗಳೂರಿನಲ್ಲಿ ಒಂದೂವರೆ ಮೀಟರಿನ ಆಸುಪಾಸು ಮಾತ್ರ. ಅದೂ ಕಡಿಮೆಯಲ್ಲ. ಹತ್ತು ಸೆಂಟಿಮೀಟರಿಗೆ ಹತ್ತು ಸಾವಿರ ಮೂಟೆಯೆಂಬ ಲೆಕ್ಕವನ್ನು ನೆನೆದರೆ, ಭಾರವಾದ ಹಡಗೊಂದು ಕೆಲವು ಗಂಟೆ ಕಾದು ಉಬ್ಬರದೊಡನೆ ಒಳಬರುವುದರ ಲಾಭ ತಿಳಿಯುತ್ತದೆ.

ಅಗೆದ ಆಳ ತಾನಾಗಿಯೇ ಉಳಿಯುವುದಿಲ್ಲ. ಮಳೆಗಾಲದ ಅಲೆಗಳು ತೀರದ ಕೆಸರನ್ನು ಕಲಕಿ ಎಬ್ಬಿಸುತ್ತವೆ. ಸುತ್ತಲಿನ ನೆಲಕ್ಕಿಂತ ಆಳವಾದ ಕಾಲುವೆಯೊಳಗೆ ಆ ಕೆಸರು ಬಂದು ಕೂಡುತ್ತದೆ. ಕೆರೆಯ ಹೂಳನ್ನು ಹತ್ತಾರು ವರ್ಷಕ್ಕೊಮ್ಮೆ ತೆಗೆದರೂ ನಡೆದೀತು; ಈ ಕಾಲುವೆಯ ಹೂಳನ್ನು ವರ್ಷವರ್ಷವೂ ತೆಗೆಯಬೇಕು. ಅದಕ್ಕಾಗಿ ಬರುವ ಡ್ರೆಜ್ಜರ್ ಎಂಬ ಹಡಗು ದೊಡ್ಡ ಕೊಳವೆಯನ್ನು ತಳಕ್ಕೆ ಇಳಿಸಿ, ನೀರಿನೊಡನೆ ಕೆಸರನ್ನು ಹೀರಿ, ಹೊಟ್ಟೆಯಲ್ಲಿ ತುಂಬಿಕೊಂಡು ದೂರದ ಕಡಲಿಗೆ ಹೋಗಿ ಸುರಿದು ಬರುತ್ತದೆ. ಬಂದರಿನ ಆಳ ಒಮ್ಮೆ ಕೊಂಡುಕೊಂಡ ಆಸ್ತಿಯಲ್ಲ, ವರ್ಷವರ್ಷವೂ ಬಾಡಿಗೆ ಕೊಟ್ಟು ಉಳಿಸಿಕೊಳ್ಳಬೇಕಾದ ವಸ್ತು.

ಅಲೆಯನ್ನು ಹೊರಗಿಡುವುದು

ಆಳವಿದ್ದರೆ ಸಾಲದು, ನೀರು ಶಾಂತವಾಗಿಯೂ ಇರಬೇಕು. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣವಾದುದು. ಒಂದು ಮೀಟರ್ ಎತ್ತರದ ಅಲೆ ಪ್ರತಿ ಚದರ ಮೀಟರ್ ನೀರಿನ ಮೇಲೆ ಸುಮಾರು 1,250 ಜೂಲ್ ಶಕ್ತಿಯನ್ನು ಹೊತ್ತಿರುತ್ತದೆ. ಮಳೆಗಾಲದ ಮೂರು ಮೀಟರ್ ಅಲೆಯಲ್ಲಿ ಇದರ ಒಂಬತ್ತರಷ್ಟು ಶಕ್ತಿಯಿರುತ್ತದೆ. ಈ ಶಕ್ತಿಯನ್ನು ತಡೆಯಲು ಕಾಲುವೆಯ ಎರಡೂ ಪಕ್ಕಗಳಿಂದ ಕಡಲಿಗೆ ಕೈ ಚಾಚಿದಂತೆ ಎರಡು ಅಲೆತಡೆಗಳನ್ನು ಕಟ್ಟಿದ್ದಾರೆ. ಒಂದೊಂದರ ಉದ್ದ 770 ಮೀಟರ್. ಅವು ನುಣುಪಾದ ಗೋಡೆಗಳಲ್ಲ, ಬಂಡೆಗಳ ರಾಶಿಗಳು. ನುಣುಪು ಗೋಡೆ ಅಲೆಯನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ. ಬಂಡೆಗಳ ಸಂದುಗೊಂದುಗಳಲ್ಲಿ ನುಗ್ಗಿದ ನೀರಾದರೋ ಸುಳಿಸುಳಿಯಾಗಿ ಒಡೆದು ಅಲ್ಲಿಯೇ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಬಾಯಿಯಲ್ಲಿ ನುಸುಳುವ ಅಲೆಯ ಗತಿಯೇನು? ಅರ್ಧ ತೆರೆದ ಬಾಗಿಲಿನಿಂದ ಬಂದ ಧ್ವನಿ ಕೋಣೆಯ ಮೂಲೆಮೂಲೆಗೂ ಹರಡುವಂತೆ ಈ ಅಲೆಯೂ ಒಳಗಿನ ವಿಶಾಲವಾದ ಕೊಳದಲ್ಲಿ ಬೀಸಣಿಗೆಯಂತೆ ಹರಡುತ್ತದೆ. ಅದೇ ಶಕ್ತಿ ದೊಡ್ಡ ಜಾಗಕ್ಕೆ ಹಂಚಿಹೋಗುವುದರಿಂದ ಅದರ ಎತ್ತರ ಕುಗ್ಗುತ್ತದೆ. ಇಂಥ ವಿಷಯಗಳನ್ನು ಮಾದರಿಗಳ ಮೇಲೆ ಪರೀಕ್ಷಿಸುವ ನಮ್ಮ ದೇಶದ ಸಂಸ್ಥೆ ಪುಣೆಯ ಬಳಿ ಖಡಕ್‌ವಾಸ್ಲಾದಲ್ಲಿರುವ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರ. ಬಂದರನ್ನು ನೂರರಲ್ಲಿ ಒಂದು ಪಾಲಿಗೆ ಕುಗ್ಗಿಸಿ ಮಾದರಿ ಮಾಡಿದರೆ ಅದರಲ್ಲಿ ಕಾಲವನ್ನು ಹತ್ತರಲ್ಲಿ ಒಂದಕ್ಕೆ ಕುಗ್ಗಿಸಬೇಕು. ಕಡಲಿನ ಒಂಬತ್ತು ಸೆಕೆಂಡಿನ ಅಲೆಗೆ ಮಾದರಿಯಲ್ಲಿ ಒಂಬತ್ತು ದಶಾಂಶ ಸೆಕೆಂಡು. ಹೀಗೆ ತೊಟ್ಟಿಯೊಳಗಿನ ಮಾದರಿಯೊಂದು ಮುಂಬರುವ ಮಳೆಗಾಲವನ್ನು ಮುಂಚಿತವಾಗಿ ತೋರಿಸುತ್ತದೆ.

ಕಟ್ಟೆಗೆ ಒರಗುವ ಹೊತ್ತು

ಹಡಗು ಬಂದರನ್ನು ಸಮೀಪಿಸಿದಾಗ ಪೈಲಟ್ ಎಂಬ ಅಧಿಕಾರಿ ಸಣ್ಣ ದೋಣಿಯಲ್ಲಿ ಎದುರುಹೋಗಿ, ಹಗ್ಗದ ಏಣಿಯನ್ನು ಹತ್ತಿ ಹಡಗನ್ನು ಸೇರುತ್ತಾನೆ. ಕಪ್ತಾನನಿಗೆ ಕಡಲುಗಳೆಲ್ಲ ಗೊತ್ತಿರಬಹುದು. ಈ ಕಾಲುವೆಯ ಸೆಳವೂ ಗಾಳಿಯೂ ಗೊತ್ತಿರುವುದು ಪೈಲಟನಿಗೆ. ವೇಗ ತಗ್ಗಿದ ದೊಡ್ಡ ಹಡಗು ಚುಕ್ಕಾಣಿಯ ಮಾತನ್ನು ಕೇಳುವುದಿಲ್ಲ. ಆಗ ಟಗ್ ಎಂಬ ಗಿಡ್ಡವಾದ, ಬಲವಾದ ಎಂಜಿನುಳ್ಳ ದೋಣಿಗಳು ಅದನ್ನು ಎಳೆದು ನೂಕಿ ಕಟ್ಟೆಗೆ ತರುತ್ತವೆ. ಈ ಕಟ್ಟೆಗೆ ಬಂದರಿನವರು ‘ಬರ್ತ್’ ಎನ್ನುತ್ತಾರೆ.

ಇಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಒಂದು ಸಣ್ಣ ಲೆಕ್ಕ. ಸರಕೂ ಸೇರಿ ಒಂದು ಲಕ್ಷ ಟನ್ ತೂಗುವ ಹಡಗು ಸೆಕೆಂಡಿಗೆ 15 ಸೆಂಟಿಮೀಟರಿನಂತೆ ಬರ್ತನ್ನು ಸಮೀಪಿಸುತ್ತಿದೆಯೆನ್ನಿ. ಇರುವೆಯ ಓಟಕ್ಕೆ ಸಮೀಪವಾದ ವೇಗವೆಂದು ನಗಬೇಡಿ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚಲನಶಕ್ತಿ ಹನ್ನೊಂದು ಲಕ್ಷ ಜೂಲಿಗೂ ಮೀರುತ್ತದೆ. ಹತ್ತು ಟನ್ನಿನ ಲಾರಿ ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿದರೆ ಆಗುವಷ್ಟು! ಈ ಶಕ್ತಿಯನ್ನು ನುಂಗಲು ಕಟ್ಟೆಯ ಅಂಚಿನುದ್ದಕ್ಕೂ ದಪ್ಪನಾದ ರಬ್ಬರಿನ ಮೆತ್ತೆಗಳನ್ನು ತೂಗುಹಾಕಿರುತ್ತಾರೆ. ಮೆತ್ತೆ ಕುಗ್ಗಿದಷ್ಟು ದೂರ ಹಡಗನ್ನು ತಡೆಯುವ ಬಲ ಹಂಚಿಹೋಗುತ್ತದೆ. ಚೆಂಡನ್ನು ಹಿಡಿಯುವಾಗ ಆಟಗಾರ ಕೈಯನ್ನು ಹಿಂದಕ್ಕೆಳೆದುಕೊಳ್ಳುವುದೂ ಇದೇ ಕಾರಣಕ್ಕೆ.

ಕಾಯುವ ಹಡಗುಗಳು

ಇನ್ನು ಹೊತ್ತಿನ ಲೆಕ್ಕ. ಹಡಗು ಸಂಪಾದಿಸುವುದು ಚಲಿಸುವಾಗ. ನಿಂತಾಗ ಅದು ಖರ್ಚಿನ ಬಾಬು. ದೊಡ್ಡ ಹಡಗಿನ ಒಂದು ದಿನದ ಬಾಡಿಗೆ ಹಲವು ಲಕ್ಷ ರೂಪಾಯಿಗಳಾಗುತ್ತದೆ. ಗೊತ್ತುಮಾಡಿದ ಅವಧಿಗಿಂತ ಹೆಚ್ಚು ಹೊತ್ತು ನಿಲ್ಲಿಸಿಕೊಂಡರೆ ಸರಕಿನವನು ‘ಡೆಮರೇಜು’ ತೆರಬೇಕು. ಕಡೆಗೆ ಆ ಹಣ ಮೂಟೆಯ ಬೆಲೆಯಲ್ಲಿಯೇ ಸೇರುತ್ತದೆ.

ಹಾಗಾದರೆ ಬರ್ತ್ ಒಂದು ಗಳಿಗೆಯೂ ಖಾಲಿ ಬೀಳದಂತೆ ನೋಡಿಕೊಳ್ಳುವುದೇ ಒಳ್ಳೆಯ ಆಡಳಿತವೆ? ಮೇಲುನೋಟಕ್ಕೆ ಹೌದೆನ್ನಿಸುತ್ತದೆ, ಗಣಿತ ಬೇರೆ ಮಾತು ಹೇಳುತ್ತದೆ. ಹಬ್ಬದ ಹಿಂದಿನ ದಿನ ಊರಿನ ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಜನ ಗಂಟೆ ಹೊಡೆದಂತೆ ಒಬ್ಬೊಬ್ಬರಾಗಿ ಬರುವುದಿಲ್ಲ. ಒಮ್ಮೆ ಯಾರೂ ಇಲ್ಲ, ಒಮ್ಮೆ ಹತ್ತು ಮಂದಿ. ಒಬ್ಬರದು ಎರಡು ಸೇರು, ಇನ್ನೊಬ್ಬರದು ಎರಡು ಮೂಟೆ. ಗಾಳಿಮಳೆಗಳನ್ನು ದಾಟಿ ಬರುವ ಹಡಗುಗಳೂ ಹಾಗೆಯೇ. ಒಂದೇ ಬರ್ತ್ ಇದೆ, ಒಂದು ಹಡಗಿನ ಕೆಲಸಕ್ಕೆ ಸರಾಸರಿ ಒಂದು ದಿನ ಹಿಡಿಯುತ್ತದೆ, ಬರುವಿಕೆಗೂ ಕೆಲಸದ ಅವಧಿಗೂ ಯಾವ ಕಟ್ಟುನಿಟ್ಟೂ ಇಲ್ಲ ಎಂದಿಟ್ಟುಕೊಳ್ಳೋಣ. ಸರದಿಯ ಗಣಿತದಂತೆ, ಬರ್ತ್ ನೂರರಲ್ಲಿ ಐವತ್ತು ಪಾಲು ಹೊತ್ತು ತುಂಬಿದ್ದರೆ ಹಡಗು ಸರಾಸರಿ ಒಂದು ದಿನ ಕಾಯಬೇಕು. ಎಂಬತ್ತು ಪಾಲು ತುಂಬಿದ್ದರೆ ನಾಲ್ಕು ದಿನ. ತೊಂಬತ್ತು ಪಾಲಾದರೆ ಒಂಬತ್ತು ದಿನ! ಬರ್ತುಗಳ ಸಂಖ್ಯೆ ಹೆಚ್ಚಾದಂತೆ ಕಾಯುವ ಹೊತ್ತು ಕಡಿಮೆಯಾಗುತ್ತದೆ, ನಿಜ. ಆದರೆ ತುಂಬಿದಷ್ಟೂ ಸರದಿ ಹಿಗ್ಗುವ ಸ್ವಭಾವ ಮಾತ್ರ ಬದಲಾಗದು. ಆದುದರಿಂದ ಸ್ವಲ್ಪ ಹೊತ್ತು ಖಾಲಿಯಿರುವ ಬರ್ತ್ ಸೋಮಾರಿತನದ ಗುರುತಲ್ಲ. ಹಡಗಿನ ಅಡಿಯ ನೀರಿನಂತೆ ಅದೂ ಒಂದು ಮಿಗತೆ.

ಹೊತ್ತನ್ನು ಉಳಿಸುವ ಇನ್ನೊಂದು ದಾರಿ ಕೆಲಸವನ್ನೇ ಚುರುಕು ಮಾಡುವುದು. ಹಿಂದೆ ಮೂಟೆ, ಪೆಟ್ಟಿಗೆ, ಪೀಪಾಯಿಗಳನ್ನು ಹಮಾಲರು ಒಂದೊಂದಾಗಿ ಹೊತ್ತು ತುಂಬುತ್ತಿದ್ದಾಗ ಹಡಗು ದಿನಗಟ್ಟಲೆ ನಿಲ್ಲುತ್ತಿತ್ತು. 1956ರ ಏಪ್ರಿಲ್ 26ರಂದು ಅಮೆರಿಕದ ಮಾಲ್ಕಂ ಮೆಕ್ಲೀನ್ ಎಂಬ ಲಾರಿ ಉದ್ಯಮಿ ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ದೊಡ್ಡ ಪೆಟ್ಟಿಗೆಗಳನ್ನು ಸರಕಿನ ಸಮೇತ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಪೆಟ್ಟಿಗೆಯನ್ನು ಬಿಚ್ಚದೆಯೇ ಎತ್ತಿಡುವ ಈ ಕಂಟೇನರ್ ಪದ್ಧತಿ ಮುಂದೆ ಜಗತ್ತಿನ ಬಂದರುಗಳ ರೂಪವನ್ನೇ ಬದಲಾಯಿಸಿತು. ಈಗ ನಮ್ಮ ಘಟ್ಟದ ಕಾಫಿಯೂ ಕರಾವಳಿಯ ಗೋಡಂಬಿಯೂ ಇಂಥ ಪೆಟ್ಟಿಗೆಗಳಲ್ಲಿಯೇ ನವಮಂಗಳೂರಿನಿಂದ ಹೊರಡುತ್ತವೆ. ಇದರ ಇನ್ನೊಂದು ಮುಖವನ್ನೂ ಮರೆಯಬಾರದು: ಯಂತ್ರ ಬಂದ ಕಡೆಯಲ್ಲೆಲ್ಲ ಹಮಾಲರ ಸಂಖ್ಯೆ ಇಳಿಯಿತು.

ಒಂದೇ ಸರಕನ್ನು ನಂಬಿದರೆ

ಮಿಗತೆಯ ಮಾತು ವ್ಯಾಪಾರಕ್ಕೂ ಸಲ್ಲುತ್ತದೆ. ಇದಕ್ಕೆ ಈ ಬಂದರಿನ ಚರಿತ್ರೆಯೇ ಉದಾಹರಣೆ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಬೆಟ್ಟದ ಮೇಲೆ ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಹರಿಸುತ್ತಿತ್ತು. ಅದಿರು ಈ ಬಂದರಿನ ದೊಡ್ಡ ಸರಕುಗಳಲ್ಲೊಂದಾಗಿತ್ತು. ಆದರೆ ಆ ಗಣಿ ಮಳೆಕಾಡಿನ ನಡುವೆ, ನದಿಗಳ ಉಗಮದ ಬಳಿ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದೊಂದನ್ನೇ ನಂಬಿದ್ದರೆ ಬಂದರಿನ ಗತಿ ಏನಾಗುತ್ತಿತ್ತು? ಅಷ್ಟರಲ್ಲಿ ಮಂಗಳೂರಿನ ತೈಲ ಶುದ್ಧೀಕರಣಾಗಾರಕ್ಕೆ ಬರುವ ಕಚ್ಚಾ ಎಣ್ಣೆ, ಅಡಿಗೆ ಅನಿಲ, ಕಲ್ಲಿದ್ದಲು, ಗೊಬ್ಬರ ಇವು ಬೆಳೆದಿದ್ದುದರಿಂದ ಬಂದರು ಉಳಿಯಿತು. ದೇಶವೂ ಅದೇ ಎಚ್ಚರಿಕೆಯನ್ನು ವಹಿಸಿದೆ. ಕಡಲ ದಾರಿ ಕಟ್ಟಾದ ದಿನಗಳಿಗೆಂದು ಮಂಗಳೂರಿನ ನೆಲದಡಿಯ ಬಂಡೆಗಳನ್ನು ಕೊರೆದು ಮಾಡಿದ ಗುಹೆಗಳಲ್ಲಿ ಹದಿನೈದು ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇಪ್ಪತ್ತೈದು ಲಕ್ಷ ಟನ್ ಕಚ್ಚಾ ಎಣ್ಣೆಯನ್ನು ಕೂಡಿಡಲು ಸ್ಥಳವಿದೆ.

ಇವೆಲ್ಲದರ ಹೊಣೆ ಯಾರದು? ನಮ್ಮ ಸಂವಿಧಾನದ ಏರ್ಪಾಡಿನಲ್ಲಿ ‘ಪ್ರಮುಖ ಬಂದರು’ಗಳು ಕೇಂದ್ರ ಸರ್ಕಾರಕ್ಕೆ ಸೇರಿದವು; ಕಾರವಾರ, ಹಳೆಯ ಮಂಗಳೂರು, ಮಲ್ಪೆಯಂಥವುಗಳ ಆಡಳಿತ ರಾಜ್ಯದ್ದು. ನವಮಂಗಳೂರನ್ನು ಬಂದರು ಮಂಡಳಿಯೊಂದು ನಡೆಸುತ್ತಿತ್ತು. 2021ರ ಕಾನೂನು ಬಂದ ಮೇಲೆ ಅದು ‘ನವಮಂಗಳೂರು ಬಂದರು ಪ್ರಾಧಿಕಾರ’ವಾಗಿದೆ. ಹೆಸರು ಯಾವುದಾದರೇನು, ಕೆಲಸ ಅದೇ. ಯಾವ ಹಡಗು ಯಾವ ಉಬ್ಬರಕ್ಕೆ, ಯಾವ ಬರ್ತಿಗೆ, ಎಷ್ಟು ಹೊತ್ತು? ಹೂಳೆತ್ತುವುದಕ್ಕೆ ಎಷ್ಟು ಹಣ? ಇವೇ ಅದರ ದಿನನಿತ್ಯದ ಪ್ರಶ್ನೆಗಳು.

ನಾವು ಹೊರಟ ಊರಿಗೇ ಈಗ ಹಿಂದಿರುಗೋಣ. ನಮ್ಮ ನಾಡಿನ ಹಳ್ಳಿಹಳ್ಳಿಗಳಲ್ಲಿ ಕೆರೆ ಕಟ್ಟಿದ ಹಿರಿಯರು ಏರಿಯ ಒಂದು ಕೊನೆಯಲ್ಲಿ ಕೋಡಿಯನ್ನು ಬಿಡುತ್ತಿದ್ದರು. ವರ್ಷದ ಬಹುಕಾಲ ಆ ಕೋಡಿ ಒಣಗಿ ಬಿದ್ದಿರುತ್ತದೆ. ದನಗಳು ಅಲ್ಲಿ ಅಡ್ಡಾಡುತ್ತವೆ. ಅಷ್ಟು ಜಾಗ ಸುಮ್ಮನೆ ಹಾಳಾಯಿತೆಂದು ಅದನ್ನು ಮುಚ್ಚಿ ಪೈರಿಟ್ಟವನಿಗೆ ದೊಡ್ಡ ಮಳೆಯ ರಾತ್ರಿ ಅದರ ಬೆಲೆ ತಿಳಿಯುತ್ತದೆ. ಆ ಹೊತ್ತಿಗೆ ಏರಿಯೇ ಒಡೆದಿರುತ್ತದೆ. ಹಡಗಿನ ಅಡಿಯ ಒಂದು ಮೀಟರ್ ನೀರು, ಹಡಗಿಲ್ಲದ ಬರ್ತ್, ಬಂಡೆಯೊಳಗೆ ಕೂಡಿಟ್ಟ ಎಣ್ಣೆ, ಪ್ಲಿಮ್ಸಾಲನ ಗೆರೆಯ ಮೇಲಿನ ಒಣ ಪಕ್ಕ, ಇವೆಲ್ಲ ಬಂದರಿನ ಕೋಡಿಗಳು. ಕೆರೆಯನ್ನು ಕಾಯಬಲ್ಲ ಊರಿನ ವಿದ್ಯಾರ್ಥಿಗೆ ಬಂದರಿನ ಆಡಳಿತ ಪರಕೀಯವಾದ ವಿದ್ಯೆಯಲ್ಲ. ಮುಂದೆಂದಾದರೂ ಪಣಂಬೂರಿಗೆ ಹೋದಾಗ ದಡದಲ್ಲಿ ನಿಂತು ಹಡಗಿನ ಎತ್ತರವನ್ನು ಮಾತ್ರ ನೋಡಿ ಬೆರಗಾಗದೆ, ಕಣ್ಣಿಗೆ ಕಾಣದ ಅದರ ಅಡಿಯ ನೀರನ್ನೂ ಆತನು ನೆನೆಯಲಿ.